ನಿಗದಿತ ಎತ್ತರದಿಂದ ಸರಿದ ಸಣ್ಣ ವಿಮಾನ: ದೋಷವನ್ನು ಎಲ್ಲಿ ಹುಡುಕಬೇಕು

ಈ ಕೈಪಿಡಿಯನ್ನು ಸೆಸ್ನಾ 172ರಂತಹ ಒಂದೇ ಎಂಜಿನ್‌ನ, ಕ್ಯಾಬಿನ್‌ಗೆ ಒತ್ತಡ ತುಂಬದ ವಿಮಾನಗಳನ್ನು ಹಾರಿಸುವವರಿಗಾಗಿ ಮತ್ತು ಅವರು ಬರೆದುಕೊಟ್ಟ ದೂರನ್ನು ಹಿಡಿದು ಕೆಲಸ ಶುರುಮಾಡುವ ನಿರ್ವಹಣಾ ಎಂಜಿನಿಯರ್‌ಗಳಿಗಾಗಿ ಬರೆಯಲಾಗಿದೆ. ದೂರಿನ ರೂಪ ಸಾಮಾನ್ಯವಾಗಿ ಎರಡೇ ಬಗೆಯದು. ಒಂದು, 5500 ಅಡಿಯಲ್ಲಿ ಇರುವಂತೆ ಹೇಳಿದ್ದ ಸಂಚಾರ ನಿಯಂತ್ರಕರು ಕೆಲವು ನಿಮಿಷಗಳ ನಂತರ ರೇಡಿಯೊದಲ್ಲಿ ಎತ್ತರವನ್ನು ಖಚಿತಪಡಿಸಲು ಕೇಳುತ್ತಾರೆ, ಆದರೆ ಪೈಲಟ್‌ನ ಮುಂದಿರುವ ಆಲ್ಟಿಮೀಟರ್ (ಎತ್ತರ ತೋರಿಸುವ ಉಪಕರಣ) 5500ನ್ನೇ ತೋರಿಸುತ್ತಿರುತ್ತದೆ. ಇನ್ನೊಂದು, ಮುಳ್ಳು ತಾನಾಗಿಯೇ 5800ರ ಬಳಿಗೆ ಹೋಗಿ ನಿಂತಿರುವುದು ಪೈಲಟ್‌ನ ಕಣ್ಣಿಗೆ ತಡವಾಗಿ ಬೀಳುತ್ತದೆ. ಹೊರನೋಟಕ್ಕೆ ಎರಡೂ 'ಎತ್ತರ ತಪ್ಪಿದ' ಘಟನೆಗಳೇ ಆದರೂ ಎರಡರ ಬೇರುಗಳು ಬೇರೆ ಬೇರೆ ಕಡೆ ಇರುತ್ತವೆ. ಮೊದಲನೆಯದರಲ್ಲಿ ವಿಮಾನ ಸರಿದಿದೆಯೇ ಇಲ್ಲವೇ ಎಂಬುದೇ ಇನ್ನೂ ತೀರ್ಮಾನವಾಗಿರುವುದಿಲ್ಲ. ಎರಡನೆಯದರಲ್ಲಿ ಸರಿದಿರುವುದು ಬಹುತೇಕ ಖಚಿತ, ಕಾರಣವಷ್ಟೇ ಬೇಕು.

ಹಾರಾಟ ಶಾಲೆಗಳಲ್ಲಿ ಇಂತಹ ಸಂದರ್ಭದಲ್ಲಿ ವಿದ್ಯಾರ್ಥಿಯ ಕೈಯನ್ನೇ ದೂರುವ ರೂಢಿ ಹೆಚ್ಚು, ವರ್ಕ್‌ಶಾಪ್‌ಗಳಲ್ಲಿ ಆಲ್ಟಿಮೀಟರನ್ನು ಬಿಚ್ಚಿ ಬೇರೊಂದನ್ನು ಕೂರಿಸುವ ರೂಢಿ ಹೆಚ್ಚು. ಎರಡೂ ಆತುರದ ತೀರ್ಮಾನಗಳು. ತಪ್ಪು ಎಷ್ಟು ಅಡಿ ಎಂಬುದಕ್ಕಿಂತ ಅದು ಹೇಗೆ ವರ್ತಿಸಿತು ಎಂಬುದನ್ನು ಮೊದಲು ಕೇಳಬೇಕು. ಹಾರಾಟದುದ್ದಕ್ಕೂ ಒಂದೇ ಅಳತೆಯಲ್ಲಿ ಉಳಿದ ತಪ್ಪು ಒತ್ತಡದ ಸೆಟ್ಟಿಂಗ್‌ನ ಕಡೆಗೆ ಬೊಟ್ಟು ಮಾಡುತ್ತದೆ. ವೇಗ ಹೆಚ್ಚಿದಂತೆ ಹೆಚ್ಚುವ ತಪ್ಪು, ಹೊರಗಿನ ಗಾಳಿಯ ಒತ್ತಡವನ್ನು ಉಪಕರಣಗಳಿಗೆ ತರುವ ಕೊಳವೆಯ ಸೋರಿಕೆಯ ಕಡೆಗೆ, ನೂರಾರು ಅಡಿ ಜಿಗಿದು ಮರಳುವ ತಪ್ಪು, ನಿಯಂತ್ರಕರಿಗೆ ಕಳುಹಿಸಲು ಎತ್ತರವನ್ನು ಸಂಕೇತವಾಗಿಸುವ ಎನ್‌ಕೋಡರ್‌ನ ಕಡೆಗೆ, ತಿರುವಿನಲ್ಲಿ ಅಥವಾ ನಕ್ಷೆ ನೋಡುವಾಗ ಮಾತ್ರ ಕಾಣುವ ತಪ್ಪು ಪೈಲಟ್‌ನ ಕಡೆಗೆ ಬೊಟ್ಟು ಮಾಡುತ್ತದೆ. ಮುಂದೆ ಬರುವುದೆಲ್ಲವೂ ಈ ವರ್ತನೆಯನ್ನು ಓದುವ ಕ್ರಮವೇ.

ಗಾಳಿಯಲ್ಲಿರುವಾಗ ಮೊದಲ ಕೆಲಸ

ನಿಯಂತ್ರಕರು ಪ್ರಶ್ನೆ ಕೇಳಿದ ಕ್ಷಣದಲ್ಲಿ ದೋಷ ಪತ್ತೆಗಿಂತ ವಿಮಾನವನ್ನು ಸ್ಥಿರವಾಗಿ ಹಾರಿಸುವುದು ಮುಖ್ಯ. ಆಲ್ಟಿಮೀಟರ್ ನಿಗದಿತ ಎತ್ತರವನ್ನು ತೋರಿಸದಿದ್ದರೆ ಮೂತಿಯನ್ನು ಥಟ್ಟನೆ ಕೆಳಗೆ ತಳ್ಳದೆ ಅಥವಾ ಮೇಲಕ್ಕೆ ಎಳೆಯದೆ, ನಿಧಾನವಾದ ಒಂದೇ ತಿದ್ದುಪಡಿಯಲ್ಲಿ ಮರಳಬೇಕು ಮತ್ತು ಮರಳುತ್ತಿರುವುದನ್ನು ಹೇಳಬೇಕು. ಆಲ್ಟಿಮೀಟರ್ ಸರಿಯಾದ ಎತ್ತರವನ್ನೇ ತೋರಿಸುತ್ತಿದ್ದರೆ ಇದ್ದಲ್ಲಿಯೇ ಇದ್ದು, ತನ್ನ ಎತ್ತರದ ಜೊತೆಗೆ ತಾನು ಆಲ್ಟಿಮೀಟರ್‌ನಲ್ಲಿ ಇಟ್ಟುಕೊಂಡಿರುವ ಕ್ಯೂಎನ್‌ಎಚ್ (ಸಮುದ್ರಮಟ್ಟಕ್ಕೆ ಹೊಂದಿಸಿದ ಸ್ಥಳೀಯ ವಾಯುಒತ್ತಡ) ಅಂಕಿಯನ್ನೂ ಓದಿ ಹೇಳಬೇಕು. ಬರೀ '5500 ಅಡಿಯಲ್ಲಿದ್ದೇನೆ' ಎಂಬ ಉತ್ತರದಿಂದ ನಿಯಂತ್ರಕರಿಗೆ ಹೊಸದೇನೂ ತಿಳಿಯುವುದಿಲ್ಲ. '5500 ಅಡಿ, ಕ್ಯೂಎನ್‌ಎಚ್ 1022' ಎಂದರೆ, ನಿಜವಾದ ಅಂಕಿ 1012 ಆಗಿದ್ದಲ್ಲಿ, ದೋಷ ಅಲ್ಲಿಗೇ ಸಿಕ್ಕಿಬೀಳುತ್ತದೆ. ಕ್ಯೂಎನ್‌ಎಚ್ ಎರಡೂ ಕಡೆ ಒಂದೇ ಆಗಿದ್ದು, ನಿಯಂತ್ರಕರ ಪರದೆಯ ಮೇಲಿನ ಅಂಕಿ 300 ಅಡಿಗೂ ಮೀರಿ ಬೇರೆಯಾಗಿಯೇ ಉಳಿದರೆ, ಟ್ರಾನ್ಸ್‌ಪಾಂಡರ್‌ನ (ವಿಮಾನದ ಗುರುತು ಮತ್ತು ಎತ್ತರವನ್ನು ರಾಡಾರ್‌ಗೆ ಕಳುಹಿಸುವ ಸಾಧನ) ಎತ್ತರದ ವರದಿಯನ್ನು ನಿಲ್ಲಿಸುವಂತೆ ನಿಯಂತ್ರಕರು ಸೂಚಿಸಬಹುದು. ಆಗ ಎತ್ತರದ ವರದಿಯನ್ನು ಮಾತ್ರ ನಿಲ್ಲಿಸಬೇಕು, ಟ್ರಾನ್ಸ್‌ಪಾಂಡರನ್ನೇ ಆರಿಸಬಾರದು. ಗುಬ್ಬಿಯನ್ನು (ನಾಬ್) ತಿರುಗಿಸುವ ಆತುರದಲ್ಲಿ ಹಲವರು ಎರಡನೆಯದನ್ನೇ ಮಾಡುತ್ತಾರೆ, ಪರಿಣಾಮವಾಗಿ ನಿಯಂತ್ರಕರ ಪರದೆಯಿಂದ ವಿಮಾನದ ಗುರುತೇ ಮಾಯವಾಗುತ್ತದೆ.

ಯಾರ ಅಂಕಿ ಯಾವುದರಿಂದ ಹುಟ್ಟುತ್ತದೆ

ಆಲ್ಟಿಮೀಟರ್‌ನ ಒಳಗೆ ಗಾಳಿ ತೆಗೆದು ಮುಚ್ಚಿದ ತೆಳುಲೋಹದ ಡಬ್ಬಿಗಳಿರುತ್ತವೆ. ಹೊರಗಿನ ಒತ್ತಡ ಇಳಿದಂತೆ ಅವು ಉಬ್ಬುತ್ತವೆ, ಆ ಉಬ್ಬುವಿಕೆಯೇ ಹಲ್ಲುಚಕ್ರಗಳ ಮೂಲಕ ಮುಳ್ಳನ್ನು ತಿರುಗಿಸುತ್ತದೆ. ಅಂದರೆ ಆ ಉಪಕರಣ ಅಳೆಯುವುದು ಒತ್ತಡವನ್ನೇ ಹೊರತು ಎತ್ತರವನ್ನಲ್ಲ. ಪಾಲ್ ಕಾಲ್ಸ್‌ಮನ್ 1928ರಲ್ಲಿ ರೂಪಿಸಿದ, ಒತ್ತಡದ ಅಂಕಿಯನ್ನು ಹೊಂದಿಸಿಕೊಳ್ಳಬಹುದಾದ ಸೂಕ್ಷ್ಮ ಆಲ್ಟಿಮೀಟರನ್ನು ನೆಚ್ಚಿ ಅಮೆರಿಕದ ಪೈಲಟ್ ಜಿಮ್ಮಿ ಡೂಲಿಟಲ್ ಮರುವರ್ಷದ ಸೆಪ್ಟೆಂಬರ್ 24ರಂದು ಹೊರಗೆ ಏನನ್ನೂ ನೋಡದೆ ವಿಮಾನವನ್ನು ಏರಿಸಿ ಇಳಿಸಿದರು. ಇಂದಿಗೂ ಮುಖಫಲಕದ ಆ ಪುಟ್ಟ ಕಿಟಕಿಯನ್ನು ಕಾಲ್ಸ್‌ಮನ್ ಕಿಟಕಿ ಎಂದೇ ಕರೆಯುತ್ತಾರೆ. ದೋಷ ಪತ್ತೆಯ ಮಟ್ಟಿಗೆ ಗಮನಿಸಬೇಕಾದ ವಿಷಯವೆಂದರೆ, ಆ ಕಿಟಕಿಯಲ್ಲಿ ಪೈಲಟ್ ಯಾವ ಅಂಕಿಯನ್ನು ಇಟ್ಟರೂ ಟ್ರಾನ್ಸ್‌ಪಾಂಡರ್ ಕಳುಹಿಸುವ ಎತ್ತರ ಬದಲಾಗುವುದಿಲ್ಲ. ಎನ್‌ಕೋಡರ್ ಯಾವಾಗಲೂ 1013.25 ಹೆಕ್ಟೊಪ್ಯಾಸ್ಕಲ್ (ವಾಯುಒತ್ತಡದ ಮಾನ) ಅನ್ನೇ ಆಧಾರವಾಗಿಟ್ಟುಕೊಂಡು ಲೆಕ್ಕ ಹಾಕುತ್ತದೆ, ಸ್ಥಳೀಯ ಕ್ಯೂಎನ್‌ಎಚ್‌ಗೆ ತಕ್ಕ ತಿದ್ದುಪಡಿ ನಿಯಂತ್ರಕರ ಗಣಕದಲ್ಲಿ ನಡೆಯುತ್ತದೆ. ಆದ್ದರಿಂದ ಪೈಲಟ್ ಕ್ಯೂಎನ್‌ಎಚ್ ತಪ್ಪಿಟ್ಟಿದ್ದರೆ ನಿಯಂತ್ರಕರು ಕಾಣುವುದು ವಿಮಾನ ನಿಜಕ್ಕೂ ಎತ್ತರದಿಂದ ಸರಿದಿರುವುದನ್ನು. ಪೈಲಟ್‌ಗೆ ಕಾಣದ ತಪ್ಪು ಅವರಿಗೆ ಕಾಣುವುದು ಇದರಿಂದಲೇ.

ಇದನ್ನು ಹಾರಾಟದಲ್ಲೇ ಪರೀಕ್ಷಿಸಬಹುದು. ಇಂದಿನ ಹೆಚ್ಚಿನ ಟ್ರಾನ್ಸ್‌ಪಾಂಡರ್‌ಗಳು ತಾವು ಕಳುಹಿಸುತ್ತಿರುವ ಒತ್ತಡ-ಎತ್ತರವನ್ನು ತಮ್ಮ ಪರದೆಯಲ್ಲಿ ನೂರು ಅಡಿಗಳ ಲೆಕ್ಕದಲ್ಲಿ ತೋರಿಸುತ್ತವೆ. ಕ್ಯೂಎನ್‌ಎಚ್ 1009, ಆಲ್ಟಿಮೀಟರ್ 5500 ಎಂದಿಟ್ಟುಕೊಳ್ಳೋಣ. 1013ರಿಂದ 1009ನ್ನು ಕಳೆದರೆ 4. ಪ್ರತಿ ಹೆಕ್ಟೊಪ್ಯಾಸ್ಕಲ್‌ಗೆ ಸುಮಾರು 27 ಅಡಿಯಂತೆ 108 ಅಡಿ. ಅದನ್ನು ಕೂಡಿಸಿದರೆ 5608. ಟ್ರಾನ್ಸ್‌ಪಾಂಡರ್‌ನ ಪರದೆ 056 ಎಂದು ತೋರಿಸಬೇಕು. 056 ಅಥವಾ ಅಂಚಿನಲ್ಲಿ 055 ಇದ್ದರೆ ಆಲ್ಟಿಮೀಟರ್ ಮತ್ತು ಎನ್‌ಕೋಡರ್ ಒಂದನ್ನೊಂದು ಒಪ್ಪುತ್ತಿವೆ ಎಂದರ್ಥ. 060 ಎಂದಿದ್ದರೆ ಒಪ್ಪುತ್ತಿಲ್ಲ, ಮತ್ತು ಆ ಅಂಕಿಯನ್ನು ಕಾಲಿನ ಮೇಲಿನ ಹಲಗೆಯಲ್ಲಿ ಆಗಲೇ ಬರೆದುಕೊಳ್ಳಬೇಕು, ಇಳಿದ ಮೇಲೆ ನೆನಪಿನಿಂದಲ್ಲ. ಎರಡನೆಯ ಆಲ್ಟಿಮೀಟರ್ ಇರುವ ವಿಮಾನದಲ್ಲಿ ಲೆಕ್ಕವೇ ಬೇಡ: ಅದರಲ್ಲಿ 1013 ಇಟ್ಟು ಟ್ರಾನ್ಸ್‌ಪಾಂಡರ್‌ನ ಅಂಕಿಗೆ ನೇರವಾಗಿ ಹೋಲಿಸಬಹುದು. ಇರುವ ಒಂದೇ ಆಲ್ಟಿಮೀಟರನ್ನು ಮೋಡದೊಳಗೆ ಈ ಪ್ರಯೋಗಕ್ಕೆ ಒಡ್ಡುವುದು ಸಲ್ಲದು.

ಜಿಪಿಎಸ್ ಎತ್ತರವನ್ನು ಮೂರನೆಯ ಸಾಕ್ಷಿಯಾಗಿ ತರುವವರು ಅದರ ಮಿತಿಗಳನ್ನೂ ಅರಿತಿರಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ, ಸುಮಾರು 3000 ಅಡಿ ಎತ್ತರದ ಬೆಂಗಳೂರು ಪ್ರಸ್ಥಭೂಮಿಯಲ್ಲಿ ಉಷ್ಣಾಂಶ 35 ಡಿಗ್ರಿ ಇದ್ದರೆ, ಆ ಎತ್ತರಕ್ಕೆ ಮಾನಕ ವಾತಾವರಣ ಹೇಳುವ 9 ಡಿಗ್ರಿಗಿಂತ ಅದು 26 ಡಿಗ್ರಿ ಹೆಚ್ಚು. ಬಿಸಿಗಾಳಿ ಹಿಗ್ಗಿರುವುದರಿಂದ, ಆಲ್ಟಿಮೀಟರ್ 5500 ಎನ್ನುವಾಗ ವಿಮಾನ ವಾಸ್ತವದಲ್ಲಿ 200 ಅಡಿಗೂ ಹೆಚ್ಚು ಮೇಲಿರುತ್ತದೆ, ಜಿಪಿಎಸ್ ಅದನ್ನೇ ತೋರಿಸುತ್ತದೆ. ಇದು ದೋಷವಲ್ಲ, ಸುತ್ತಲಿನ ಎಲ್ಲ ವಿಮಾನಗಳೂ ಅದೇ ಗಾಳಿಯಲ್ಲಿ ಅದೇ ಪ್ರಮಾಣದಲ್ಲಿ ಮೇಲಿರುವುದರಿಂದ ಅವುಗಳ ನಡುವಿನ ಅಂತರ ಕೆಡುವುದಿಲ್ಲ. ಇದಲ್ಲದೆ, ಕೆಲವು ಮೊಬೈಲ್ ಆ್ಯಪ್‌ಗಳು ಸಮುದ್ರಮಟ್ಟದಿಂದಲ್ಲದೆ ಭೂಮಿಯ ಗಣಿತೀಯ ದೀರ್ಘಗೋಳದಿಂದ ಎತ್ತರವನ್ನು ಕೊಡುತ್ತವೆ. ದಕ್ಷಿಣ ಭಾರತದಲ್ಲಿ ಈ ಎರಡರ ನಡುವಿನ ವ್ಯತ್ಯಾಸ 80 ಮೀಟರ್‌ಗೂ ಹೆಚ್ಚು. ಜಿಪಿಎಸ್ ಅಂಕಿಯನ್ನು ನೋಡಿ ನಿಗದಿತ ಎತ್ತರವನ್ನು ಕಾಯ್ದುಕೊಳ್ಳಲು ಹೊರಟರೆ ಇಲ್ಲದ ದೋಷವನ್ನು ಸೃಷ್ಟಿಸಿದಂತಾಗುತ್ತದೆ. ಎತ್ತರ ಬದಲಾಗುತ್ತಿದೆಯೇ ಇಲ್ಲವೇ ಎಂಬುದನ್ನು ತಿಳಿಯಲು ಮಾತ್ರ ಅದು ಉಪಯುಕ್ತ.

ಕಿಟಕಿಯಲ್ಲಿನ ಅಂಕಿ

ಸ್ಥಿರವಾದ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಯೇ ಮುಗಿಯುತ್ತವೆ. ಇಟ್ಟ ಅಂಕಿ ನಿಜವಾದ ಕ್ಯೂಎನ್‌ಎಚ್‌ಗಿಂತ ಹೆಚ್ಚಾಗಿದ್ದರೆ ಆಲ್ಟಿಮೀಟರ್ ಹೆಚ್ಚು ತೋರಿಸುತ್ತದೆ, ವಿಮಾನ ಕೆಳಗಿರುತ್ತದೆ. ಮೇಲಿನ ಉದಾಹರಣೆಯಲ್ಲಿ 1012ರ ಬದಲು 1022 ಇಟ್ಟ ಪೈಲಟ್, ಮುಳ್ಳನ್ನು 5500ರ ಮೇಲೆ ಅಲುಗದಂತೆ ಹಿಡಿದಿದ್ದರೂ ವಾಸ್ತವದಲ್ಲಿ ಸುಮಾರು 5230 ಅಡಿಯಲ್ಲಿ ಹಾರುತ್ತಿರುತ್ತಾರೆ. ಹತ್ತು ಹೆಕ್ಟೊಪ್ಯಾಸ್ಕಲ್ ತಪ್ಪಿದರೆ 270 ಅಡಿ ಎಂಬುದನ್ನು ನೆನಪಿಟ್ಟರೆ ಸಾಕು, ನಿಯಂತ್ರಕರು ಹೇಳಿದ ವ್ಯತ್ಯಾಸದಿಂದಲೇ ಹಿಂದಕ್ಕೆ ಲೆಕ್ಕ ಹಾಕಿ ತಪ್ಪಿದ ಅಂಕಿಯನ್ನು ಊಹಿಸಬಹುದು.

ಅಮೆರಿಕದಲ್ಲಿ ತರಬೇತಿ ಪಡೆದು ಮರಳುವ ನಮ್ಮ ಪೈಲಟ್‌ಗಳು ವಿಶೇಷವಾಗಿ ಗಮನಿಸಬೇಕಾದ ಒಂದು ಬಲೆ ಇದೆ. ಅಲ್ಲಿ ಒತ್ತಡವನ್ನು ಪಾದರಸದ ಇಂಚುಗಳಲ್ಲಿ ಹೇಳುತ್ತಾರೆ, ಇಲ್ಲಿ ಹೆಕ್ಟೊಪ್ಯಾಸ್ಕಲ್‌ಗಳಲ್ಲಿ. ಚಂಡಮಾರುತದ ಪ್ರಭಾವದಲ್ಲಿರುವ ಕರಾವಳಿಯಲ್ಲಿ '992' ಎಂಬ ಕ್ಯೂಎನ್‌ಎಚ್ ಕಿವಿಗೆ ಬಿದ್ದಾಗ, ಇಂಚುಗಳಿಗೆ ಒಗ್ಗಿದ ಕೈ 29.92 ಅನ್ನು ಇಟ್ಟುಬಿಡುತ್ತದೆ. 29.92 ಎಂದರೆ 1013 ಹೆಕ್ಟೊಪ್ಯಾಸ್ಕಲ್. ವ್ಯತ್ಯಾಸ 21 ಹೆಕ್ಟೊಪ್ಯಾಸ್ಕಲ್, ಅಂದರೆ ಸುಮಾರು 570 ಅಡಿ, ಅದೂ ನೆಲದ ಕಡೆಗೆ. ಅಂಕಿಯ ಜೊತೆಗೆ ಮಾನದ ಹೆಸರನ್ನೂ ಮರುನುಡಿಯುವ ಅಭ್ಯಾಸವೊಂದೇ ಇದಕ್ಕೆ ಮದ್ದು.

ನಿಧಾನವಾಗಿ ಬೆಳೆಯುವ ತಪ್ಪು ಇನ್ನೊಂದು ಬಗೆಯದು. ಉಷ್ಣವಲಯದಲ್ಲಿ ವಾಯುಒತ್ತಡ ದಿನಕ್ಕೆ ಎರಡು ಬಾರಿ ಏರಿಳಿಯುತ್ತದೆ: ಬೆಳಿಗ್ಗೆ 10ರ ಹೊತ್ತಿಗೆ ಮತ್ತು ರಾತ್ರಿ 10ರ ಹೊತ್ತಿಗೆ ಗರಿಷ್ಠ, ಸಂಜೆ 4ರ ಹೊತ್ತಿಗೆ ಮತ್ತು ನಸುಕಿನ 4ರ ಹೊತ್ತಿಗೆ ಕನಿಷ್ಠ. ಬೆಳಗಿನ ಗರಿಷ್ಠಕ್ಕೂ ಸಂಜೆಯ ಕನಿಷ್ಠಕ್ಕೂ ನಡುವಿನ ವ್ಯತ್ಯಾಸ ಸುಮಾರು 3ರಿಂದ 4 ಹೆಕ್ಟೊಪ್ಯಾಸ್ಕಲ್. ಜಕ್ಕೂರಿನಂತಹ ತರಬೇತಿ ನಿಲ್ದಾಣದಲ್ಲಿ ಬೆಳಿಗ್ಗೆ ಇಟ್ಟ ಕ್ಯೂಎನ್‌ಎಚ್‌ನಲ್ಲಿಯೇ ಮಧ್ಯಾಹ್ನದ ಹಾರಾಟವನ್ನೂ ಮಾಡಿದರೆ, ಹವಾಮಾನದಲ್ಲಿ ಯಾವ ಗಡಿಬಿಡಿಯೂ ಇಲ್ಲದ ಶುಭ್ರ ದಿನದಲ್ಲಿಯೇ ನೂರು ಅಡಿ ಕಳೆದುಹೋಗಿರುತ್ತದೆ. ಇನ್‌ಸ್ಟ್ರುಮೆಂಟ್ ರೇಟಿಂಗ್ (ಉಪಕರಣಗಳನ್ನಷ್ಟೇ ನೋಡಿ ಹಾರುವ ಅರ್ಹತೆ) ಪರೀಕ್ಷೆಯಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಕೊಡುವ ಒಟ್ಟು ಸಡಿಲಿಕೆಯೇ ಮೇಲೆ ಕೆಳಗೆ 100 ಅಡಿ ಎಂಬುದನ್ನು ನೆನೆದರೆ, ಪೈಲಟ್‌ನ ಕೈಗೆ ಉಳಿದ ಪಾಲು ಎಷ್ಟು ಎಂದು ತಿಳಿಯುತ್ತದೆ.

ಕ್ಯೂಎಫ್‌ಇ (ನಿಲ್ದಾಣದ ನೆಲದ ಮೇಲೆ ಆಲ್ಟಿಮೀಟರ್ ಸೊನ್ನೆ ತೋರಿಸುವಂತೆ ಮಾಡುವ ಒತ್ತಡದ ಅಂಕಿ) ಇಟ್ಟುಕೊಂಡು ಸರ್ಕ್ಯೂಟ್ ಅಭ್ಯಾಸ (ನಿಲ್ದಾಣದ ಸುತ್ತಲೇ ಏರಿ ಇಳಿಯುವುದು) ಮಾಡಿ, ಹೊರಗೆ ಹೋಗುವಾಗ ಕ್ಯೂಎನ್‌ಎಚ್‌ಗೆ ಬದಲಿಸಲು ಮರೆಯುವುದು ಕರಾವಳಿಯಲ್ಲಿ ಸಣ್ಣ ತಪ್ಪು, ಬೆಂಗಳೂರಿನಲ್ಲಿ 3000 ಅಡಿಯ ತಪ್ಪು. ಅಷ್ಟು ದೊಡ್ಡದಾದ್ದರಿಂದಲೇ ಅದು ಬೇಗ ಬಯಲಾಗುತ್ತದೆ.

ಸ್ಟ್ಯಾಟಿಕ್ ಕೊಳವೆ

ಸೆಸ್ನಾ 172ರಲ್ಲಿ ಮೂತಿಗೆ ಹತ್ತಿರ, ಎಡಮಗ್ಗುಲಲ್ಲಿರುವ, ಹೊರಗಿನ ಗಾಳಿಯ ಒತ್ತಡವನ್ನು (ಸ್ಟ್ಯಾಟಿಕ್ ಒತ್ತಡ) ಹಿಡಿಯುವ ಪುಟ್ಟ ರಂಧ್ರವೊಂದರಿಂದ ಹೊರಟ ಕೊಳವೆ ಆಲ್ಟಿಮೀಟರ್, ಏರಿಳಿತದ ವೇಗಮಾಪಕ, ಗಾಳಿವೇಗಮಾಪಕ ಮತ್ತು ಎನ್‌ಕೋಡರ್‌ಗಳಿಗೆ ಕವಲೊಡೆಯುತ್ತದೆ. ಆಲ್ಟಿಮೀಟರ್ ಮತ್ತು ಎನ್‌ಕೋಡರ್ ಒಂದೇ ತೊಟ್ಟಿಯಿಂದ ನೀರು ಪಡೆಯುವ ಎರಡು ನಲ್ಲಿಗಳಂತೆ: ತೊಟ್ಟಿಯೇ ಕೆಟ್ಟಿದ್ದರೆ ಎರಡರ ನೀರೂ ಒಂದೇ ಬಣ್ಣದ್ದಾಗಿರುತ್ತದೆ. ಪೈಲಟ್‌ನ ಆಲ್ಟಿಮೀಟರ್ ಮತ್ತು ನಿಯಂತ್ರಕರ ಪರದೆ ಎರಡೂ 5500 ಎನ್ನುತ್ತಿವೆ ಎಂಬ ಒಂದೇ ಕಾರಣಕ್ಕೆ ವಿಮಾನ 5500ರಲ್ಲಿದೆ ಎಂದು ನಂಬುವಂತಿಲ್ಲ. ಈ ಒಪ್ಪಿಗೆಯನ್ನು ಪುರಾವೆ ಎಂದು ಭಾವಿಸುವುದು ದೋಷ ಪತ್ತೆಯಲ್ಲಿ ಆಗುವ ಅತಿ ದುಬಾರಿ ತಪ್ಪು. 1996ರ ಅಕ್ಟೋಬರ್ 2ರಂದು ಪೆರುವಿನ ಲಿಮಾದಿಂದ ಹೊರಟ ಏರೋಪೆರು 603 ದೊಡ್ಡ ವಿಮಾನವೇ ಆದರೂ ಪಾಠ ಇಲ್ಲಿಯದೇ. ತೊಳೆಯುವಾಗ ಸ್ಟ್ಯಾಟಿಕ್ ರಂಧ್ರಗಳಿಗೆ ಅಂಟಿಸಿದ್ದ ಟೇಪನ್ನು ತೆಗೆಯದೆ ಬಿಟ್ಟಿದ್ದರು. ಕತ್ತಲಲ್ಲಿ ಸಮುದ್ರದ ಮೇಲೆ ಸಿಬ್ಬಂದಿ ತಮ್ಮ ಎತ್ತರವನ್ನು ನಿಯಂತ್ರಕರಿಂದ ಕೇಳಿ ತಿಳಿದರು, ನಿಯಂತ್ರಕರು ಓದಿ ಹೇಳಿದ್ದು ಅದೇ ವಿಮಾನ ಕಳುಹಿಸಿದ ಸುಳ್ಳು ಅಂಕಿಯನ್ನು. 70 ಜನರಲ್ಲಿ ಯಾರೂ ಉಳಿಯಲಿಲ್ಲ.

ರಂಧ್ರ ಪೂರ್ತಿ ಮುಚ್ಚಿದ್ದರೆ ಲಕ್ಷಣಗಳು ಸ್ಪಷ್ಟ. ಆಲ್ಟಿಮೀಟರ್ ಮುಚ್ಚಿದ ಎತ್ತರದಲ್ಲೇ ಹೆಪ್ಪುಗಟ್ಟುತ್ತದೆ, ಏರಿಳಿತದ ವೇಗಮಾಪಕ ಸೊನ್ನೆಯಲ್ಲಿ ಸತ್ತಂತೆ ಬಿದ್ದಿರುತ್ತದೆ. ಗಾಳಿವೇಗಮಾಪಕ ಆ ಎತ್ತರಕ್ಕಿಂತ ಮೇಲೇರಿದಾಗ ಕಡಿಮೆಯನ್ನೂ ಕೆಳಗಿಳಿದಾಗ ಹೆಚ್ಚನ್ನೂ ತೋರಿಸುತ್ತದೆ. ಇಳಿಯುವಾಗಿನದೇ ಹೆಚ್ಚು ಅಪಾಯಕಾರಿ: ವೇಗ ಸಾಕಷ್ಟಿದೆ ಎಂಬ ಭ್ರಮೆಯಲ್ಲಿ ಪೈಲಟ್ ಇನ್ನೂ ನಿಧಾನಿಸಿ, ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಟಾಲ್‌ನ ಅಂಚಿಗೆ ಬರುತ್ತಾರೆ. ಸಮತಟ್ಟಾದ ಹಾರಾಟದಲ್ಲಿ ಮಾತ್ರ ಈ ದೋಷ ಮರೆಯಲ್ಲಿರುತ್ತದೆ. ಗಾಳಿ ಕುಲುಕುತ್ತಿದ್ದರೂ ಮುಳ್ಳು ಹತ್ತಡಿಯಷ್ಟೂ ಅಲುಗದಿದ್ದರೆ ಅದನ್ನು ತನ್ನ ಕೈಚಳಕವೆಂದು ಹಿಗ್ಗುವ ಬದಲು ಅನುಮಾನಿಸಬೇಕು.

ಮುಖ್ಯ ರಂಧ್ರದ ಬದಲಿಗೆಂದು ಇರುವ ಪರ್ಯಾಯ ಸ್ಟ್ಯಾಟಿಕ್ ಕವಾಟವನ್ನು ಎಳೆದಾಗ ಉಪಕರಣಗಳು ಕ್ಯಾಬಿನ್‌ನೊಳಗಿನ ಗಾಳಿಯನ್ನು ಪಡೆಯುತ್ತವೆ. ಹೊರಗಿನ ಗಾಳಿಯ ಓಟದಿಂದ ಕ್ಯಾಬಿನ್‌ನ ಒತ್ತಡ ಸಾಮಾನ್ಯವಾಗಿ ಒಂದಿಷ್ಟು ಕಡಿಮೆ ಇರುವುದರಿಂದ ಆಲ್ಟಿಮೀಟರ್ ತುಸು ಹೆಚ್ಚು ತೋರಿಸುವುದು ಸಹಜ. ಎಷ್ಟು ಎಂಬುದು ವಿಮಾನದ ಕೈಪಿಡಿಯ ತಿದ್ದುಪಡಿ ಕೋಷ್ಟಕದಲ್ಲಿ ಇರುತ್ತದೆ. ಕವಾಟ ತೆರೆದೊಡನೆ ಮುಳ್ಳು ಕೋಷ್ಟಕಕ್ಕೆ ಮೀರಿ ನೂರಾರು ಅಡಿ ಓಡಿದರೆ, ಮುಖ್ಯ ರಂಧ್ರ ಮುಚ್ಚಿತ್ತು ಎಂಬ ತೀರ್ಮಾನ ಅಲ್ಲಿಯೇ ಸಿಗುತ್ತದೆ.

ಸೋರಿಕೆಯನ್ನು ಹಿಡಿಯುವುದು ಇದಕ್ಕಿಂತ ನಾಜೂಕಿನ ಕೆಲಸ. ಪ್ಯಾನೆಲ್‌ನ ಹಿಂದೆ ಒಂದು ಜೋಡಣೆ ಸಡಿಲವಾಗಿದ್ದರೆ ಕೊಳವೆಗೆ ಹೊರಗಿನ ಗಾಳಿಯ ಜೊತೆ ಕ್ಯಾಬಿನ್‌ನ ಗಾಳಿಯೂ ಬೆರೆಯುತ್ತದೆ. ನೆಲದ ಮೇಲೆ ಎರಡರ ಒತ್ತಡವೂ ಒಂದೇ ಆದ್ದರಿಂದ ಆಲ್ಟಿಮೀಟರ್ ನಿಲ್ದಾಣದ ಎತ್ತರವನ್ನು ಕರಾರುವಾಕ್ಕಾಗಿ ತೋರಿಸುತ್ತದೆ, ಎಂಜಿನಿಯರ್ 'ದೋಷ ಕಂಡುಬಂದಿಲ್ಲ' ಎಂದು ಬರೆದು ಸಹಿ ಹಾಕುತ್ತಾರೆ. ಗಾಳಿಯಲ್ಲಿ ಮಾಡಬಹುದಾದ ಒಂದು ಸರಳ ಪರೀಕ್ಷೆಯಿದೆ. ಶಾಂತ ಗಾಳಿಯಲ್ಲಿ, ಮುಖ್ಯ ಸ್ಟ್ಯಾಟಿಕ್‌ನಲ್ಲಿಯೇ, ಸ್ಥಿರವಾಗಿ ಹಾರುತ್ತಾ ಕ್ಯಾಬಿನ್‌ನ ಗಾಳಿಕಿಂಡಿಗಳನ್ನು ತೆರೆದು ಮುಚ್ಚಿ ಮುಳ್ಳನ್ನು ಗಮನಿಸಬೇಕು. ಕೊಳವೆ ಬಿಗಿಯಾಗಿದ್ದರೆ ಕ್ಯಾಬಿನ್‌ನ ಒತ್ತಡ ಬದಲಾದರೂ ಮುಳ್ಳಿಗೆ ಅದರ ಗೊಡವೆಯಿಲ್ಲ. ಕಿಂಡಿಯ ಜೊತೆಗೆ ಮುಳ್ಳೂ ಕದಲಿದರೆ ಸೋರಿಕೆ ಒಳಗೇ ಇದೆ. ಮಳೆಗಾಲದಲ್ಲಿ ಕೊಳವೆಯಲ್ಲಿ ನೀರು ನಿಂತಿದ್ದರೆ ಮುಳ್ಳು ಬಿಟ್ಟುಬಿಟ್ಟು ಎಗರುತ್ತದೆ. ಮಣ್ಣಿನ ಗೂಡು ಕಟ್ಟುವ ಕಡಜ ಮತ್ತು ಪಾಲಿಶ್ ಮಾಡುವಾಗ ರಂಧ್ರದಲ್ಲಿ ಮೆತ್ತಿಕೊಂಡ ಮೇಣ, ಇವೆರಡನ್ನೂ ಹಾರಾಟ ಪೂರ್ವ ಪರಿಶೀಲನೆಯಲ್ಲಿ ಬೆರಳಿನಿಂದಲ್ಲ, ಟಾರ್ಚ್ ಹಿಡಿದು ಕಣ್ಣಿನಿಂದ ನೋಡಬೇಕು.

ಎನ್‌ಕೋಡರ್

ಹಳೆಯ ಎನ್‌ಕೋಡರ್‌ಗಳು ನೂರು ಅಡಿಗೊಂದು ಹೆಜ್ಜೆಯಂತೆ ಎತ್ತರವನ್ನು ಸಂಕೇತವಾಗಿಸಿ ಹಲವು ತಂತಿಗಳ ಮೂಲಕ ಟ್ರಾನ್ಸ್‌ಪಾಂಡರ್‌ಗೆ ಕಳುಹಿಸುತ್ತವೆ. ಅವುಗಳಲ್ಲಿ ಒಂದು ತಂತಿ ತುಂಡಾದರೂ ಕೆಲವು ಎತ್ತರಗಳಲ್ಲಿ ಎಲ್ಲವೂ ಸರಿಯಿದ್ದು, ಬೇರೆ ಕೆಲವು ಎತ್ತರಗಳಲ್ಲಿ ಅಂಕಿ ಥಟ್ಟನೆ ಜಿಗಿಯುತ್ತದೆ. '4500ರಲ್ಲಿ ಸರಿಯಿತ್ತು, 5500ರಲ್ಲಿ ನಿಯಂತ್ರಕರು ದೂರಿದರು, ಇಳಿಯುವಾಗ ಮತ್ತೆ ಸರಿಯಾಯಿತು' ಎಂಬ ಪೈಲಟ್‌ನ ವಿವರಣೆ ಕಟ್ಟುಕಥೆಯಂತೆ ಕೇಳಿದರೂ ಈ ದೋಷದ ನೇರ ಚಿತ್ರಣವೇ ಆಗಿರಬಹುದು. ಕೆಲವು ಎನ್‌ಕೋಡರ್‌ಗಳಿಗೆ ಒಳಗಿನ ಹೀಟರ್ ಬಿಸಿಯಾಗಲು ಕೆಲವು ನಿಮಿಷ ಬೇಕು. ಟೇಕಾಫ್ ಆದ ಕೂಡಲೇ ಬಂದು ಆಮೇಲೆ ತಾನೇ ಅಡಗಿದ ದೂರಿಗೆ ಅದು ಕಾರಣವಿರಬಹುದು. ಅಮೆರಿಕದ ನಿಯಮದಂತೆ ಆಲ್ಟಿಮೀಟರ್‌ಗೂ ಟ್ರಾನ್ಸ್‌ಪಾಂಡರ್‌ನ ವರದಿಗೂ 125 ಅಡಿಯೊಳಗಿನ ಹೊಂದಾಣಿಕೆ ಇರಬೇಕು.

ಆಟೊಪೈಲಟ್ ಮತ್ತು ಟ್ರಿಮ್

ಆಟೊಪೈಲಟ್ ಹಿಡಿದಿದ್ದಾಗ ಎತ್ತರ ತಪ್ಪಿದರೆ, ಅದು ಯಾವ ವಿಧಾನದಲ್ಲಿತ್ತು ಎಂಬುದು ಮೊದಲ ಪ್ರಶ್ನೆ. ಎತ್ತರ ಹಿಡಿಯುವ ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ವಿಮಾನ ಎಲ್ಲಿತ್ತೋ ಅದನ್ನೇ ಹಿಡಿಯುವುದು ಅನೇಕ ಸರಳ ಆಟೊಪೈಲಟ್‌ಗಳ ಸ್ವಭಾವ. ಏರುತ್ತಿರುವಾಗಲೇ ಒತ್ತಿದವರು 60 ಅಡಿ ಮೇಲೋ ಕೆಳಗೋ ನಿಲ್ಲುತ್ತಾರೆ. ಬಹಳಷ್ಟು ಸೆಸ್ನಾ 172ಗಳಲ್ಲಿರುವ ಕೆಎಪಿ 140 ಎಂಬ ಆಟೊಪೈಲಟ್‌ನಲ್ಲಿ, ಎತ್ತರವನ್ನು ಮೊದಲೇ ಆಯ್ದುಕೊಳ್ಳುವ ಸೌಲಭ್ಯವಿರುವ ಮಾದರಿಗೆ, ಒತ್ತಡದ ಅಂಕಿಯನ್ನು ಪ್ರತ್ಯೇಕವಾಗಿ ಕೊಡಬೇಕಾಗುತ್ತದೆ. ಆಲ್ಟಿಮೀಟರ್‌ನಲ್ಲಿ ಹೊಸ ಕ್ಯೂಎನ್‌ಎಚ್ ಇಟ್ಟು ಆಟೊಪೈಲಟ್‌ನಲ್ಲಿ ಹಳೆಯದನ್ನೇ ಬಿಟ್ಟರೆ, ಯಂತ್ರ ಆಯ್ದ ಎತ್ತರಕ್ಕೆ ಪ್ರಾಮಾಣಿಕವಾಗಿ ಹೋಗಿ ನಿಲ್ಲುತ್ತದೆ, ಆದರೆ ತನ್ನ ಲೆಕ್ಕದ ಎತ್ತರಕ್ಕೆ. ಅದೇ ಯಂತ್ರದಲ್ಲಿ, ಎತ್ತರ ಹಿಡಿದಿರುವಾಗ ಮೇಲೆ-ಕೆಳಗೆ ಗುಂಡಿಯನ್ನು ಒಮ್ಮೆ ತಟ್ಟಿದರೆ ಎತ್ತರ 20 ಅಡಿ ಬದಲಾಗುತ್ತದೆ. ಕುಲುಕಾಟದಲ್ಲಿ ಬೆರಳು ತಗಲಿದ್ದು ಪೈಲಟ್‌ಗೆ ಗೊತ್ತೇ ಆಗಿರುವುದಿಲ್ಲ. ಮುಳ್ಳುಗಳ ಬದಲು ಪರದೆಗಳಿರುವ 'ಗಾಜಿನ ಕಾಕ್‌ಪಿಟ್'ನ ಜಿಎಫ್‌ಸಿ 700 ಆಟೊಪೈಲಟ್‌ನಲ್ಲಿ ಬಲೆ ಬೇರೆ ಕಡೆಯಿದೆ: ವಿಮಾನ ಆಯ್ದ ಎತ್ತರಕ್ಕೆ ಬಾಗಿ ಸೇರುತ್ತಿರುವ ಕೆಲವೇ ಕ್ಷಣಗಳಲ್ಲಿ ಎತ್ತರದ ಗುಬ್ಬಿಯನ್ನು ತಿರುಗಿಸಿದರೆ ಆ ಸೇರ್ಪಡೆ ರದ್ದಾಗಿ, ಮೂತಿಯ ಕೋನವನ್ನಷ್ಟೇ ಹಿಡಿಯುವ ವಿಧಾನಕ್ಕೆ ಯಂತ್ರ ಮರಳುತ್ತದೆ. ಮುಂದಿನ ಅನುಮತಿ ಬೇಗ ಬಂದುಬಿಟ್ಟಾಗ ಇದು ಆಗುತ್ತದೆ. ಗುಬ್ಬಿಯ ಬದಲು ಪರದೆಯ ಮೇಲ್ಭಾಗದ ವಿಧಾನಸೂಚಕವನ್ನು ಓದುವವರು ಇದಕ್ಕೆ ಸಿಕ್ಕಿಬೀಳುವುದಿಲ್ಲ.

ಕೈಯಿಂದ ಹಾರಿಸುವಾಗ, ಟ್ರಿಮ್ (ಕೈಬಿಟ್ಟರೂ ಮೂತಿ ಇದ್ದಲ್ಲೇ ನಿಲ್ಲುವಂತೆ ಮಾಡುವ ಹೊಂದಿಕೆ) ಸರಿಯಿಲ್ಲದ ವಿಮಾನವನ್ನು ತೋಳಿನ ಬಲದಿಂದ ಹಿಡಿದಿರುವವರ ಗಮನ ಕದಲಿದೊಡನೆ ಎತ್ತರವೂ ಕದಲುತ್ತದೆ. ರೇಡಿಯೊ ಆವರ್ತನ ಬದಲಿಸಲು, ನಕ್ಷೆ ಮಡಚಲು, ಬಿದ್ದ ಪೆನ್ ಎತ್ತಲು ತಲೆ ತಗ್ಗಿಸಿದ ಪ್ರತಿಸಲವೂ ಒಂದೇ ದಿಕ್ಕಿನಲ್ಲಿ ಸರಿಯುತ್ತಿದ್ದರೆ ಅದು ಟ್ರಿಮ್. ಎರಡೂ ದಿಕ್ಕಿನಲ್ಲಿ ಸರಿಯುತ್ತಿದ್ದರೆ ಅದು ಉಪಕರಣಗಳ ಮೇಲೆ ಕಣ್ಣಾಡಿಸುವ ಕ್ರಮದಲ್ಲಿನ ದೋಷ. 45 ಡಿಗ್ರಿ ವಾಲಿದ ತಿರುವಿನಲ್ಲಿ ರೆಕ್ಕೆ ತೂಕದ 1.41 ಪಟ್ಟು ಭಾರ ಹೊರಬೇಕಾದ್ದರಿಂದ, ಮೂತಿಯನ್ನು ತುಸು ಎತ್ತದೆ ತಿರುಗಿಸಿದವರು ಇಳಿಯುವುದು ಖಚಿತ. ಏರಿಕೆ ಮುಗಿಸಿ ಸಮತಟ್ಟಾಗುವಾಗ, ಏರಿಕೆಯ ದರದ ಹತ್ತನೇ ಒಂದು ಭಾಗದಷ್ಟು ಮೊದಲೇ, ಅಂದರೆ ನಿಮಿಷಕ್ಕೆ 500 ಅಡಿಯ ಏರಿಕೆಗೆ 50 ಅಡಿ ಮೊದಲೇ ಶುರುಮಾಡುವುದು ರೂಢಿಯ ಲೆಕ್ಕ.

ಬಯಲುಸೀಮೆಯ ಬೇಸಿಗೆಯ ಮಧ್ಯಾಹ್ನಗಳಲ್ಲಿ ಬಿಸಿಗಾಳಿಯ ಏರಿಳಿತ ಎಷ್ಟು ಬಲವಾಗಿರುತ್ತದೆಂದರೆ, ಪೂರ್ತಿ ಶಕ್ತಿ ಕೊಟ್ಟರೂ ಸಣ್ಣ ವಿಮಾನ ಇಳಿಯುತ್ತಲೇ ಇರಬಹುದು. ಇದನ್ನು ದೋಷವೆಂದು ಕರೆಯಲಾಗದು. ಎತ್ತರ ಕಾಯ್ದುಕೊಳ್ಳಲು ಆಗುತ್ತಿಲ್ಲ ಎಂದು ನಿಯಂತ್ರಕರು ಕೇಳುವ ಮೊದಲೇ ಹೇಳಿಬಿಡುವುದಷ್ಟೇ ಇಲ್ಲಿನ ಪರಿಹಾರ.

ಕೇಳಿದ್ದೂ ಹೇಳಿದ್ದೂ ಒಂದೆಯೇ

ಎಲ್ಲ ಉಪಕರಣಗಳೂ ಒಂದನ್ನೊಂದು ಒಪ್ಪಿ, ವಿಮಾನ ಸ್ಥಿರವಾಗಿ ಬೇರೊಂದು ಎತ್ತರದಲ್ಲಿದ್ದರೆ ದೋಷ ಕಿವಿಯಲ್ಲಿ ಇರುತ್ತದೆ. 1989ರ ಫೆಬ್ರುವರಿ 19ರಂದು ಕ್ವಾಲಾಲಂಪುರಕ್ಕೆ ಇಳಿಯುತ್ತಿದ್ದ ಫ್ಲೈಯಿಂಗ್ ಟೈಗರ್ 66 ಸರಕು ವಿಮಾನಕ್ಕೆ ನಿಯಂತ್ರಕರು 2400 ಅಡಿಗೆ ಇಳಿಯಲು ಇಂಗ್ಲಿಷಿನಲ್ಲಿ 'ಡಿಸೆಂಡ್ ಟೂ ಫೋರ್ ಜೀರೋ ಜೀರೋ' ಎಂದರು. ಎರಡು ಎಂಬ ಅಂಕಿಯಾಗಿ ಹೇಳಿದ 'ಟೂ' ಸಿಬ್ಬಂದಿಗೆ 'ಅಲ್ಲಿಗೆ' ಎಂಬ ಅರ್ಥದ 'ಟು' ಆಗಿ ಕೇಳಿಸಿತು. ಅವರು 400 ಅಡಿ ಎಂದು ಮರುನುಡಿದಾಗ ಯಾರೂ ತಿದ್ದಲಿಲ್ಲ, ವಿಮಾನ ಬೆಟ್ಟಕ್ಕೆ ಬಡಿದು ನಾಲ್ವರೂ ಸತ್ತರು. ಸಾವಿರ ಮತ್ತು ನೂರುಗಳನ್ನು ಹೆಸರಿಸಿಯೇ ಹೇಳುವ, ಕೇಳಿದ್ದು ಅರ್ಧವಾದರೆ ಮತ್ತೆ ಕೇಳುವ ಶಿಸ್ತು ಇಂತಹ ಪ್ರಕರಣಗಳಿಂದ ಬಲಗೊಂಡಿತು.

ನಮ್ಮ ನೆಲದ್ದೇ ಆದ ಪ್ರಕರಣ 1996ರ ನವೆಂಬರ್ 12ರ, ಹರಿಯಾಣದ ಚರ್ಖಿ ದಾದ್ರಿಯದು. ದೆಹಲಿಗೆ ಇಳಿಯುತ್ತಿದ್ದ ಕಜಾಕ್‌ಸ್ತಾನದ ಇಲ್ಯೂಶಿನ್ 76ಕ್ಕೆ 15,000 ಅಡಿ, ದೆಹಲಿಯಿಂದ ಏರುತ್ತಿದ್ದ ಸೌದಿಯ ಬೋಯಿಂಗ್ 747ಕ್ಕೆ 14,000 ಅಡಿ ನಿಗದಿಯಾಗಿತ್ತು. ಮೊದಲನೆಯದು ತನ್ನ ಎತ್ತರವನ್ನು ಬಿಟ್ಟು ಕೆಳಗಿಳಿಯಿತು. ಎರಡೂ ಗಾಳಿಯಲ್ಲೇ ಡಿಕ್ಕಿ ಹೊಡೆದು, ಅವುಗಳಲ್ಲಿದ್ದ 349 ಜನರೂ ಸತ್ತರು. ಆ ಇಲ್ಯೂಶಿನ್‌ನಲ್ಲಿ ನಿಯಂತ್ರಕರೊಂದಿಗೆ ಮಾತನಾಡುತ್ತಿದ್ದವರು ರೇಡಿಯೊ ನಿರ್ವಾಹಕರು, ವಿಮಾನ ಹಾರಿಸುತ್ತಿದ್ದವರು ಬೇರೆಯವರು. ಆಗಿನ ದೆಹಲಿಯ ರಾಡಾರ್ ವಿಮಾನದ ಎತ್ತರವನ್ನು ತೋರಿಸುತ್ತಿರಲಿಲ್ಲವಾದ್ದರಿಂದ ಅದು ಸರಿದದ್ದನ್ನು ಹೊರಗಿನಿಂದ ಗಮನಿಸುವವರೂ ಇರಲಿಲ್ಲ. ಸಣ್ಣ ವಿಮಾನದಲ್ಲಿ ಕೇಳುವವರೂ ಹಾರಿಸುವವರೂ ಒಬ್ಬರೇ ಎಂಬುದು ಒಂದು ಅನುಕೂಲವಾದರೂ, ತಪ್ಪು ಕೇಳಿಸಿಕೊಂಡರೆ ಪಕ್ಕದಿಂದ ತಿದ್ದುವವರಿಲ್ಲ ಎಂಬುದು ಅದಕ್ಕಿಂತ ದೊಡ್ಡ ಅನನುಕೂಲ. ದಿಕ್ಕು, ಎತ್ತರ, ವೇಗ ಮೂರನ್ನೂ ಒಂದೇ ಉಸಿರಿನಲ್ಲಿ ಕೊಟ್ಟಾಗ ಎತ್ತರವನ್ನು ಬರೆದುಕೊಳ್ಳದೆ ಮರುನುಡಿದವರ ಪ್ರಕರಣದಲ್ಲಿ ಉಪಕರಣಗಳನ್ನು ಬಿಚ್ಚುವ ಮೊದಲು ರೇಡಿಯೊ ಧ್ವನಿಮುದ್ರಣವನ್ನು ಕೇಳಿಸಿಕೊಳ್ಳುವುದು ಅಗ್ಗದ ದಾರಿ.

ಇಳಿದ ಮೇಲೆ

ಎಂಜಿನ್ ಆರಿಸುವ ಮೊದಲೇ ತಾಜಾ ಕ್ಯೂಎನ್‌ಎಚ್ ಪಡೆದು ಆಲ್ಟಿಮೀಟರ್‌ನಲ್ಲಿಟ್ಟು ನಿಲ್ದಾಣದ ಎತ್ತರಕ್ಕೆ ಹೋಲಿಸಬೇಕು. ವ್ಯತ್ಯಾಸ 75 ಅಡಿಗಿಂತ ಹೆಚ್ಚಿದ್ದರೆ ಆ ಉಪಕರಣವನ್ನು ನಂಬುವಂತಿಲ್ಲ. ಅನಂತರ ಗುಬ್ಬಿಯನ್ನು 10 ಹೆಕ್ಟೊಪ್ಯಾಸ್ಕಲ್ ತಿರುಗಿಸಿ ಮುಳ್ಳು ಸುಮಾರು 270 ಅಡಿ ಸರಿಯುತ್ತದೆಯೇ ನೋಡಬೇಕು. ಅಂಕಿ ತಿರುಗಿಯೂ ಮುಳ್ಳು ಅಷ್ಟು ಸರಿಯದಿದ್ದರೆ ಒಳಗಿನ ಹಲ್ಲುಗಳು ಜಾರಿವೆ. ವರ್ಕ್‌ಶಾಪ್‌ನಲ್ಲಿ ಸೋರಿಕೆ ಪರೀಕ್ಷೆಗೆ ಅಮೆರಿಕದ ಅಳತೆ ಹೀಗಿದೆ: ಆಲ್ಟಿಮೀಟರ್ 1000 ಅಡಿ ಹೆಚ್ಚು ತೋರಿಸುವವರೆಗೆ ಕೊಳವೆಯಿಂದ ಗಾಳಿ ಹೀರಿ, ಪಂಪನ್ನು ನಿಲ್ಲಿಸಿ, ಒಂದು ನಿಮಿಷ ಕಾಯಬೇಕು, ಮುಳ್ಳು 100 ಅಡಿಗಿಂತ ಹೆಚ್ಚು ಇಳಿಯಬಾರದು. ಆಲ್ಟಿಮೀಟರ್‌ನದೇ ಮಾಪನ ದೋಷ ಸಮುದ್ರಮಟ್ಟದಲ್ಲಿ 20 ಅಡಿ, 10,000 ಅಡಿಯಲ್ಲಿ 80 ಅಡಿಯೊಳಗೆ ಇರಬೇಕು. ಅಲ್ಲಿ ಇನ್‌ಸ್ಟ್ರುಮೆಂಟ್ ನಿಯಮಗಳಡಿ ಹಾರುವ ವಿಮಾನಗಳಿಗೆ ಈ ಪರೀಕ್ಷೆಗಳು 24 ತಿಂಗಳಿಗೊಮ್ಮೆ ಕಡ್ಡಾಯ. ಕೊಳವೆಯ ಜೋಡಣೆಯನ್ನು ಯಾವುದೇ ಕಾರಣಕ್ಕೆ ಬಿಚ್ಚಿದರೂ ಸೋರಿಕೆ ಪರೀಕ್ಷೆಯನ್ನು ಮತ್ತೆ ಮಾಡಬೇಕು. ರೇಡಿಯೊ ಬದಲಿಸಲು ಪ್ಯಾನೆಲ್ ತೆಗೆದವರು ಕೊಳವೆಗೆ ಕೈ ತಗುಲಿಸಿ, ಅದನ್ನು ಎಲ್ಲಿಯೂ ಬರೆಯದೆ ಹೋಗಿರುವುದು ಸೋರಿಕೆಯ ಸಾಮಾನ್ಯ ಮೂಲಗಳಲ್ಲೊಂದು.

ಪೈಲಟ್ ದೋಷದ ಪುಸ್ತಕದಲ್ಲಿ 'ಆಲ್ಟಿಮೀಟರ್ ಸರಿಯಿಲ್ಲ' ಎಂದಷ್ಟೇ ಬರೆದರೆ ಎಂಜಿನಿಯರ್‌ಗೆ ದಾರಿ ಸಿಗುವುದಿಲ್ಲ. ಇಟ್ಟಿದ್ದ ಕ್ಯೂಎನ್‌ಎಚ್, ಆಲ್ಟಿಮೀಟರ್‌ನ ಅಂಕಿ, ಟ್ರಾನ್ಸ್‌ಪಾಂಡರ್‌ನ ಪರದೆಯ ಅಂಕಿ, ನಿಯಂತ್ರಕರು ಹೇಳಿದ ಅಂಕಿ, ಆಗಿನ ಗಾಳಿವೇಗ, ಆಟೊಪೈಲಟ್‌ನ ವಿಧಾನ, ಕಿಂಡಿಗಳನ್ನು ತೆರೆದಾಗ ಅಥವಾ ಪರ್ಯಾಯ ಸ್ಟ್ಯಾಟಿಕ್ ಎಳೆದಾಗ ಮುಳ್ಳು ಎಷ್ಟು ಓಡಿತು ಎಂಬುದು, ಮತ್ತು ತಪ್ಪು ಸ್ಥಿರವಾಗಿತ್ತೇ, ಬೆಳೆಯಿತೇ, ಜಿಗಿಯಿತೇ ಎಂಬುದು ಅಲ್ಲಿರಬೇಕು. 'ಕ್ಯೂಎನ್‌ಎಚ್ 1009, ಆಲ್ಟಿಮೀಟರ್ 5500, ಟ್ರಾನ್ಸ್‌ಪಾಂಡರ್ 060, 95 ನಾಟ್; 4500ಕ್ಕೆ ಇಳಿದಾಗ 046' ಎಂಬ ಸಾಲನ್ನು ಓದಿದ ಎಂಜಿನಿಯರ್ ಆಲ್ಟಿಮೀಟರನ್ನು ಮುಟ್ಟದೆ ನೇರವಾಗಿ ಎನ್‌ಕೋಡರ್‌ನ ತಂತಿಗಳ ಕಡೆಗೆ ಹೋಗುತ್ತಾರೆ.